ಇಳಕಲ್ ಸೀರೆಗೆ ಮೂರು ಪರದೆ: ಅಂಗಡಿಯ ಟಿವಿ, ಟ್ಯಾಬ್, ಫೋನಿಗೆ ಒಂದೇ ಆ್ಯಪ್ ಕಟ್ಟಿದ ಲಾಗ್

ಕೆಲಸ ಇಷ್ಟು. ಇಳಕಲ್‌ನಲ್ಲಿ ನಮ್ಮ ಕಾಕಾನ ಸೀರೆ ಅಂಗಡಿ ಇದೆ. ಗಿರಾಕಿಗಳು ಒಂದು ಸೀರೆಯ ಒಡಲು (ನಡುವಿನ ಬಟ್ಟೆ) ಮೆಚ್ಚುತ್ತಾರೆ, ಇನ್ನೊಂದರ ದಡಿ (ಅಂಚು) ಕೇಳುತ್ತಾರೆ. ಅಂಥ ಜೋಡಿ ಅಂಗಡಿಯಲ್ಲಿ ಇರುವುದಿಲ್ಲ, ಹೇಳಿ ನೇಯಿಸಬೇಕು. ನೇಯುವ ಮೊದಲೇ ಒಡಲು, ದಡಿ, ಸೆರಗು ಕೂಡಿಸಿ ತೋರಿಸುವ ಆ್ಯಪ್ ಬೇಕಿತ್ತು. ಕಾಕಾ ಟ್ಯಾಬ್‌ನಲ್ಲಿ ಆರಿಸಬೇಕು, ಗೋಡೆಯ 43 ಇಂಚಿನ ಟಿವಿಯಲ್ಲಿ ಗಿರಾಕಿಗೆ ಕಾಣಬೇಕು, ಮನೆಗೆ ಹೋದ ಮೇಲೆ ಅದೇ ಸೀರೆ ಅವರ ಫೋನಿನಲ್ಲೂ ತೆರೆಯಬೇಕು.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಕೋಡ್ ಬರೆದದ್ದು ಇಲ್ಲಿ, ಪರೀಕ್ಷೆ ಎಲ್ಲ ಇಳಕಲ್‌ನಲ್ಲಿ. ಆ್ಯಪ್ ಅಂದರೆ ಪ್ಲೇ ಸ್ಟೋರಿನದ್ದಲ್ಲ, ಬ್ರೌಸರ್‌ನಲ್ಲಿ ತೆರೆಯುವ ಪುಟ. ಚಿತ್ರ ಬಿಡಿಸುವುದಕ್ಕೆ ವೆಬ್‌ಜಿಎಲ್, ಅಂದರೆ ಫೋನು, ಕಂಪ್ಯೂಟರಿನ ಚಿತ್ರದ ಚಿಪ್ಪನ್ನು (ಜಿಪಿಯು) ಬ್ರೌಸರ್‌ನಿಂದಲೇ ಬಳಸುವ ದಾರಿ.

ಹಂತ 1: ಫೋನನ್ನು ಟಿವಿಗೆ ಕಾಸ್ಟ್ ಮಾಡುವುದು

ಖರ್ಚಿಲ್ಲದ ದಾರಿ ಅಂತ ಇದನ್ನೇ ಮೊದಲು ನೋಡಿದೆವು. ಫೋನಿನ ಪರದೆ ಉದ್ದ, ಟಿವಿ ಅಡ್ಡ. ಟಿವಿಯ ನಡುವೆ ಒಂದು ಪಟ್ಟಿ, ಎರಡೂ ಬದಿ ಕಪ್ಪು. ಬಟನ್‌ಗಳೂ ಟಿವಿ ಮೇಲೆ ಕುಣಿಯುತ್ತವೆ. ಬೆರಳು ಸರಿಸಿದ ಮೇಲೆ ಚಿತ್ರ ತಡವಾಗಿ ಸರಿಯುತ್ತದೆ. ಇದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಗಿರಾಕಿಗಳು ಕೂತಿರುವಾಗ ಕಾಕಾನಿಗೆ ಬಂದ ವಾಟ್ಸಾಪ್ ಮೆಸೇಜು, ಯಾರೋ ಬಾಕಿ ಹಣ ಕೇಳಿದ್ದು, 43 ಇಂಚಿನಲ್ಲಿ ಮೂಡಿತು. ಕಾಸ್ಟ್ ಅಲ್ಲಿಗೆ ಮುಗಿಯಿತು.

ಹಂತ 2: ಫೋಟೋ ಕತ್ತರಿಸಿ ಅಂಟಿಸುವುದು

ಸೀರೆಗಳ ಫೋಟೋ ತೆಗೆದು, ಒಡಲು ಒಂದರದ್ದು, ದಡಿ ಇನ್ನೊಂದರದ್ದು ಅಂತ ಅಂಟಿಸಿದರೆ ಸಾಕಲ್ವಾ ಅನ್ನಿಸುತ್ತದೆ. ಸಾಲುವುದಿಲ್ಲ. ಬಟ್ಟೆ ಎಲ್ಲೋ ಒಂದು ಕಡೆ ಸಣ್ಣಗೆ ಸೊಟ್ಟ ಇರುತ್ತದೆ, ಚೌಕಳಿ ಗೆರೆಗಳು ಕೂಡುವುದಿಲ್ಲ. ಒಂದು ಫೋಟೋ ಬೆಳಗಿನ ಬೆಳಕಿನದು, ಇನ್ನೊಂದು ಟ್ಯೂಬ್‌ಲೈಟಿನದು, ಅಂಟು ಎದ್ದು ಕಾಣುತ್ತದೆ. ಅದರ ಮೇಲೆ ಗಾತ್ರ. 8,000 ಪಿಕ್ಸೆಲ್ ಅಗಲದ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಂತು, ಕಾಕಾನ ಫೋನಿನಲ್ಲಿ ಬರೀ ಕಪ್ಪು. ಆ ಫೋನಿನ ಜಿಪಿಯು ಒಂದು ಟೆಕ್ಸ್‌ಚರ್‌ಗೆ (ಅದಕ್ಕೆ ಕೊಡುವ ಚಿತ್ರಕ್ಕೆ) 4,096 ಪಿಕ್ಸೆಲ್‌ಗಿಂತ ಜಾಸ್ತಿ ಅಗಲ ಒಪ್ಪುವುದಿಲ್ಲ. ಈ ಮಿತಿ ಎಷ್ಟು ಅಂತ ವೆಬ್‌ಜಿಎಲ್ಲನ್ನೇ ಕೇಳಬಹುದು. ಬೇರೆ ಬೇರೆ ಫೋನಿಗೆ ಕೆಲಸ ಮಾಡುವವರು ಶುರುವಿನಲ್ಲೇ ಕೇಳಿಕೊಳ್ಳಿ.

ಹಂತ 3: ಎಳೆ ಎಳೆಯಾಗಿ ಬಿಡಿಸುವುದು

ಬಟ್ಟೆ ಅಂದರೆ ಉದ್ದಕ್ಕೆ ಹಾಸಿನ ಎಳೆ, ಅಡ್ಡಕ್ಕೆ ಹೊಕ್ಕಿನ ಎಳೆ. ಇಳಕಲ್ ಒಡಲು ಸಾದಾ ನೇಯ್ಗೆ: ಒಂದು ಮೇಲೆ, ಒಂದು ಕೆಳಗೆ. ಹಾಗಾದರೆ ಫೋಟೋ ಯಾಕೆ ಬೇಕು? ಹಾಸಿನ ಬಣ್ಣಗಳ ಒಂದು ಸಾಲು, ಹೊಕ್ಕಿನ ಬಣ್ಣಗಳ ಒಂದು ಸಾಲು ಇದ್ದರೆ ಸಾಕು. ಯಾವುದೇ ಜಾಗದಲ್ಲಿ ಅದು ಎಷ್ಟನೇ ಹಾಸು, ಎಷ್ಟನೇ ಹೊಕ್ಕು ಅನ್ನುವ ಎರಡು ಸಂಖ್ಯೆ ಕೂಡಿಸಿ, ಸರಿಸಂಖ್ಯೆ ಬಂದರೆ ಹಾಸಿನ ಬಣ್ಣ, ಬೆಸ ಬಂದರೆ ಹೊಕ್ಕಿನ ಬಣ್ಣ. ಪ್ರತಿ ಎಳೆಯ ನಡುವೆ ಸ್ವಲ್ಪ ಬೆಳಕು, ಅಂಚಿನಲ್ಲಿ ಸ್ವಲ್ಪ ನೆರಳು ಕೊಟ್ಟೆ. ದುಂಡಗೆ ಕಂಡಿತು.

ಎಳೆ ಎಣಿಸುವ ಭೂತಗಾಜು ಒಂದು ಕೊಂಡೆ. ಕೈಗೆ ಸಿಕ್ಕ ಸೀರೆಯಲ್ಲಿ ಹಾಸು ಇಂಚಿಗೆ ಸುಮಾರು 70, ಹೊಕ್ಕು ಸುಮಾರು 60. ಅಗಲ 48 ಇಂಚು, ಉದ್ದ ಆರು ಗಜ ಅಂದರೆ 216 ಇಂಚು. ಹಾಸಿನ ಸಾಲಿಗೆ 3,360 ಬಣ್ಣ ಸಾಕಾಯಿತು. 4,096ರ ಒಳಗೆ ಆರಾಮಾಗಿ ಕೂರುತ್ತದೆ. ದಡಿಗಳನ್ನು ಟೇಪು ಹಿಡಿದು ಅಳೆದೆ: ಗಾಡಿ ದಡಿ ನಾಲ್ಕು ಇಂಚು, ಪರಾಸಪೇಟೆ ಮೂರೂವರೆ. ಗಾಯತ್ರಿ ದಡಿ ಒಂದೊಂದು ಸೀರೆಗೆ ಒಂದೊಂದು ಅಗಲ ಇತ್ತು, ಅದಕ್ಕೆ ಅಗಲವನ್ನು ಬದಲಿಸುವ ಹಾಗೆ ಬಿಟ್ಟೆ.

ಮೊದಲ ಚಿತ್ರವನ್ನು ಕಾಕಾನಿಗೆ ನೇಯ್ದು ಕೊಡುವ ಅಜ್ಜನಿಗೆ ತೋರಿಸಿದೆ. ಹಸಿರು ಒಡಲು, ಕೆಂಪು ಸೆರಗು. ಅಜ್ಜ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ ಕೇಳಿದರು: “ಸೆರಗಿನ್ಯಾಗ ಹಸರ ಎಲ್ಲಿಂದ ಬಂತೋ ತಮ್ಮಾ?”

“ಹಾಸು ಹಸಿರು ಐತಲ್ಲ ಅಜ್ಜಾ, ಹೊಕ್ಕು ಅಷ್ಟ ಕೆಂಪು ಮಾಡೇನಿ.”

“ಹಂಗಂದ್ರ ಅದು ಇಳಕಲ್ ಸೀರಿ ಅಲ್ಲ ಬಿಡು. ಸೆರಗಿಗೆ ಹಾಸ ಬ್ಯಾರೆ. ಎರಡೂ ಹಾಸು ಕೂಡಿಸಿ ಕುಣಿಕಿ ಹಾಕ್ತೇವಿ.”

ಗೊತ್ತಿದ್ದ ವಿಷಯವೇ, ಕೋಡ್‌ನಲ್ಲಿ ಬಂದಿರಲಿಲ್ಲ. ತೋಪ ತೆನಿ ಸೆರಗಿನಲ್ಲಿ ಒಡಲಿನ ಹಾಸಿನ ತುದಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಸಿಕ್ಕಿಸುತ್ತಾರೆ. ಅದಕ್ಕೇ ಸೆರಗಿನ ಕೆಂಪು ಅಷ್ಟು ಗಟ್ಟಿ ಕಾಣುವುದು. ನನ್ನ ಚಿತ್ರದಲ್ಲಿ ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದು, ಸೆರಗು ಮಾಸಲು ಕಂದಾಗಿತ್ತು. ಕೊಂಡಿ ಸೀರೆಯಲ್ಲಿ ಹೊಕ್ಕಿನದೂ ಇದೇ ಕಥೆ. ಮೂರು ಲಾಳಿ ಓಡುತ್ತವೆ, ಎರಡು ದಡಿಗೆ ಎರಡು, ಒಡಲಿಗೆ ಒಂದು. ದಡಿಯ ಹೊಕ್ಕು ಒಡಲಿಗೆ ಬರುವುದೇ ಇಲ್ಲ.

ಹಾಗಾಗಿ ಡೇಟಾ ಬದಲಾಯಿತು. ಹಾಸಿಗೆ ಎರಡು ಸಾಲು: ಒಡಲಿನದು, ಸೆರಗಿನದು. ಹೊಕ್ಕಿಗೆ ಮೂರು: ಎಡ ದಡಿ, ಒಡಲು, ಬಲ ದಡಿ. ಸೆರಗಿನ ಮೂರು ಕೆಂಪು ಭಾಗ, ನಡುವಿನ ಎರಡು ಬಿಳಿ ಭಾಗ ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನುವುದು ಬೇರೆ. ಒಂದು ಸೀರೆಯ ಆಯ್ಕೆ ಅಂದರೆ ಈಗ ನಾಲ್ಕೈದು ಸಂಖ್ಯೆ ಅಷ್ಟೇ. ಮುಂದೆ ಇದು ತುಂಬಾ ಉಪಯೋಗಕ್ಕೆ ಬಂತು.

ಹಂತ 4: ಫೋನಿನಲ್ಲಿ 7 ಇಂಚು ಆದ ಮೇಲೆ ಎಳೆ ಮಾಯ

ಲ್ಯಾಪ್‌ಟಾಪಿನಲ್ಲಿ ಚೆಂದ. ಕಾಕಾನ ಫೋನಿನಲ್ಲಿ ಸೀರೆಯ ಅಗಲದಲ್ಲಿ ಎಡಗಡೆಯಿಂದ ಸುಮಾರು 7 ಇಂಚಿನ ತನಕ ಎಳೆ ದುಂಡಗೆ, ಆಮೇಲೆ ಚಪ್ಪಟೆ ಪಟ್ಟಿ, 15 ಇಂಚಿನ ಹತ್ತಿರ ಬಂದಾಗ ನೆರಳು ಬೆಳಕು ಏನೂ ಇಲ್ಲ, ಬರೀ ಬಣ್ಣ. ಟೆಕ್ಸ್‌ಚರ್ ಕೆಟ್ಟಿದೆ ಅಂತ ಅದರ ಹಿಂದೆ ಬಿದ್ದೆ. ಅದಲ್ಲ.

ಶೇಡರ್‌ನ (ಜಿಪಿಯು ಒಳಗೆ ಓಡುವ ಚಿಕ್ಕ ಪ್ರೋಗ್ರಾಂ) ಮೊದಲ ಸಾಲಿನಲ್ಲಿ ಮೀಡಿಯಂಪಿ, ಅಂದರೆ ಮಧ್ಯಮ ನಿಖರತೆಯ ಲೆಕ್ಕ ಸಾಕು, ಅಂತ ಇತ್ತು. ಎಲ್ಲಿಂದಲೋ ಕಾಪಿ ಮಾಡಿದ ಸಾಲು. ಲ್ಯಾಪ್‌ಟಾಪಿನ ಜಿಪಿಯು ಆ ಮಾತಿಗೆ ಬೆಲೆ ಕೊಡುವುದಿಲ್ಲ, 32 ಬಿಟ್‌ನಲ್ಲೇ ಲೆಕ್ಕ ಹಾಕುತ್ತದೆ. ಫೋನಿನದು ನಿಜವಾಗಿ 16 ಬಿಟ್‌ಗೆ ಇಳಿಯುತ್ತದೆ. 16 ಬಿಟ್‌ನಲ್ಲಿ 512 ದಾಟಿದ ಸಂಖ್ಯೆಗೆ ಅರ್ಧಕ್ಕಿಂತ ಸಣ್ಣ ಭಾಗ ಉಳಿಯುವುದಿಲ್ಲ. 1,024 ದಾಟಿದರೆ ಪೂರ್ಣಾಂಕ ಮಾತ್ರ. ಎಳೆಯ ನಡು ಯಾವುದು, ಅಂಚು ಯಾವುದು ಅಂತ ಹೇಳುವುದು ಆ ಸಣ್ಣ ಭಾಗವೇ. ಇಂಚಿಗೆ 70 ಎಳೆ ಅಂದರೆ 512ನೇ ಎಳೆ 7 ಇಂಚಿನ ಮೇಲೆ, 1,024ನೇದು 15 ಇಂಚಿಗೆ ಸ್ವಲ್ಪ ಕಮ್ಮಿ. ಫೋನು ತೋರಿಸಿದ್ದೂ ಅದನ್ನೇ.

ಹೈಪಿ (ಹೆಚ್ಚಿನ ನಿಖರತೆ) ಅಂತ ಬದಲಿಸಿದೆ, ಸರಿಹೋಯಿತು. ಜೊತೆಗೆ ವೆಬ್‌ಜಿಎಲ್ 2ಕ್ಕೆ ಹೋದೆ, ಅದರಲ್ಲಿ ಹೈಪಿ ಎಲ್ಲ ಫೋನಿನಲ್ಲೂ ಇರಲೇಬೇಕು. ಫೋನಿಗೆ ಬರೆಯುವುದನ್ನು ಲ್ಯಾಪ್‌ಟಾಪಿನ ಬ್ರೌಸರ್ ಕಿರಿದು ಮಾಡಿ ಪರೀಕ್ಷಿಸುವುದು ಸುಮ್ನೆ. ಅಗಲ ಗೊತ್ತಾಗುತ್ತದೆ, ಜಿಪಿಯು ಗೊತ್ತಾಗುವುದಿಲ್ಲ.

ಇದೇ ಸಮಯಕ್ಕೆ ಫೋನ್ ಬಿಸಿಯಾಗುತ್ತಿತ್ತು. ಏನೂ ಬದಲಾಗದಿದ್ದರೂ ಸೆಕೆಂಡಿಗೆ 60 ಸಲ ಸೀರೆ ಬಿಡಿಸುತ್ತಿತ್ತು. ಆಯ್ಕೆ ಬದಲಾದಾಗ ಮಾತ್ರ ಬಿಡಿಸು ಅಂದೆ. ಬೆರಳು ಸರಿಯುವಾಗ ಅರ್ಧ ರೆಸಲ್ಯೂಷನ್, ಬೆರಳು ಎತ್ತಿದ ಮೇಲೆ ಪೂರ್ತಿ. ಕಾಕಾನಿಗೆ ಈ ವ್ಯತ್ಯಾಸ ಕಂಡೇ ಇಲ್ಲ.

ಹಂತ 5: ಟಿವಿಯಲ್ಲಿ ಅಲೆ ಅಲೆ ಗೆರೆ

ಅಂಗಡಿಯ ಟಿವಿ ಹಳೆಯದು, ಅದರ ಬ್ರೌಸರ್ ಇನ್ನೂ ಹಳೆಯದು. ಅದರಲ್ಲಿ ವೆಬ್‌ಜಿಎಲ್ 2 ಇಲ್ಲ. ರಾಸ್ಪ್‌ಬೆರಿ ಪೈ 4 ಅನ್ನುವ ಚಿಕ್ಕ ಕಂಪ್ಯೂಟರ್ ಹಾಕಿ, ಕ್ರೋಮಿಯಂ ಬ್ರೌಸರನ್ನು ಕಿಯೋಸ್ಕ್ ಮೋಡ್‌ನಲ್ಲಿ (ಪರದೆ ತುಂಬಾ ಒಂದೇ ಪುಟ) ಬಿಟ್ಟೆ. ಟಿವಿ ಈಗ ಬರೀ ಗಾಜು.

ಪೈ ಬಂದರೂ ಒಡಲಿನ ತುಂಬಾ ನೀರಿನ ಅಲೆಯ ಹಾಗೆ ಗೆರೆಗಳು. ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. 43 ಇಂಚಿನ ಟಿವಿಯ ಅಗಲ 37.5 ಇಂಚು, ಅದರಲ್ಲಿ 1,920 ಪಿಕ್ಸೆಲ್. ಇಂಚಿಗೆ 51. ಸೀರೆಯಲ್ಲಿ ಇಂಚಿಗೆ 70 ಎಳೆ. ನಿಜ ಅಳತೆಯಲ್ಲಿ ತೋರಿಸಿದರೆ ಒಂದು ಎಳೆಗೆ ಒಂದು ಪಿಕ್ಸೆಲ್ಲೂ ಸಿಗುವುದಿಲ್ಲ. ಕಾಕಾನ ಅಗ್ಗದ ಫೋನಿನಲ್ಲಿ ಇಂಚಿಗೆ ಸುಮಾರು 270 ಪಿಕ್ಸೆಲ್, ಎಳೆಗೆ ಹೆಚ್ಚುಕಮ್ಮಿ ನಾಲ್ಕು. ಅಂದರೆ ಎಳೆ ತೋರಿಸುವುದರಲ್ಲಿ ದೊಡ್ಡ ಪರದೆಗಿಂತ ಸಣ್ಣ ಪರದೆಯೇ ಮೇಲು. ದೊಡ್ಡ ಪರದೆಗೆ ಜಾಸ್ತಿ ವಿವರ ಅಂತ ಬರೆದಿದ್ದ ನಿಯಮವನ್ನು ತಿರುಗಿಸಿದೆ. ಪರದೆಯ ಅಗಲ ನೋಡುವುದು ಬಿಟ್ಟು, ಒಂದು ಎಳೆಗೆ ಎಷ್ಟು ಪಿಕ್ಸೆಲ್ ಸಿಗುತ್ತದೆ ಅಂತ ನೋಡುವ ಹಾಗೆ ಮಾಡಿದೆ. ಎರಡಕ್ಕಿಂತ ಕಮ್ಮಿಯಾದರೆ ಎಳೆ ಬಿಡಿಸಬೇಡ, ಸುತ್ತಲಿನ ಬಣ್ಣದ ಸರಾಸರಿ ಹಾಕು.

ಸರಾಸರಿಗೆ ಮಿಪ್‌ಮ್ಯಾಪ್ (ಟೆಕ್ಸ್‌ಚರ್‌ನ ಮೊದಲೇ ಕುಗ್ಗಿಸಿಟ್ಟ ಪ್ರತಿಗಳು) ಬಳಸಿದೆ. ಅಲೆ ಹೋಯಿತು, ಆದರೆ ಕೆಂಪು ಬಿಳಿ ಚೌಕಳಿ ಇರಬೇಕಾದ್ದಕ್ಕಿಂತ ಕಪ್ಪಾಗಿ ಕಂಡಿತು. ಪರದೆಯ ಬಣ್ಣದ ಸಂಖ್ಯೆಗಳು ಬೆಳಕಿಗೆ ನೇರ ಪ್ರಮಾಣದಲ್ಲಿ ಇರುವುದಿಲ್ಲ, ಹಾಗೇ ಸರಾಸರಿ ಮಾಡಿದರೆ ಮಬ್ಬಾಗುತ್ತದೆ. ಟೆಕ್ಸ್‌ಚರ್ ಅನ್ನು ಎಸ್‌ಆರ್‌ಜಿಬಿ (ಪರದೆಯ ಬಣ್ಣದ ಸಂಖ್ಯೆ) ಬಗೆಯದು ಅಂತ ಹೇಳಿದರೆ ವೆಬ್‌ಜಿಎಲ್ 2 ತಾನೇ ಬೆಳಕಿನ ಲೆಕ್ಕಕ್ಕೆ ತಂದು ಸರಾಸರಿ ಮಾಡುತ್ತದೆ. ಕೊನೆಗೆ ಶೇಡರ್‌ನಲ್ಲಿ ವಾಪಸ್ ತಿರುಗಿಸಬೇಕು. ಒಡಲಿನ ಮಬ್ಬು ಹೋಯಿತು.

ಟಿವಿಯದ್ದೇ ಇನ್ನೊಂದು. ಕೆಳಗಿನ ದಡಿ ಅರ್ಧ ಕಾಣುತ್ತಿರಲಿಲ್ಲ. ಹಳೆಯ ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ನುಂಗುತ್ತವೆ. ಬೇರೆ ಯಾವುದಕ್ಕೆ ಆದರೂ ನಡೆದೀತು, ಸೀರೆಯಲ್ಲಿ ಬೆಲೆ ಇರುವುದೇ ಅಂಚಿನಲ್ಲಿ! ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಅನ್ನು ಜಸ್ಟ್ ಸ್ಕ್ಯಾನ್‌ಗೆ ಇಟ್ಟೆ. ಯಾರಾದರೂ ರಿಮೋಟ್ ಒತ್ತಿ ಕೆಡಿಸಿಯಾರು ಅಂತ ಪುಟದಲ್ಲೂ ಸುತ್ತ ನೂರಕ್ಕೆ ಐದರಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಹಂತ 6: ಯಾವ ಪರದೆಗೆ ಯಾವ ಕೆಲಸ

ಮೊದಲು ಒಂದೇ ವಿನ್ಯಾಸವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದೆ. ಫೋನಿನಲ್ಲಿ ಸೀರೆ ದಾರದಷ್ಟಾಯಿತು, ಟಿವಿಯಲ್ಲಿ ಬಟನ್‌ಗಳು ಹಲಗೆಯಷ್ಟಾದವು. ಅದನ್ನು ಬಿಟ್ಟು, ಅಂಗಡಿಯಲ್ಲಿ ಕೂತು ಯಾರು ಎಲ್ಲಿಂದ ಏನು ನೋಡುತ್ತಾರೆ ಅಂತ ಬರೆದುಕೊಂಡೆ.

ನಮ್ಮ ಕಡೆ ಸೀರೆ ಅಂಗಡಿಯಲ್ಲಿ ಗಾದಿ ಮೇಲೆ ಕೂತು ವ್ಯಾಪಾರ. ಟ್ಯಾಬ್ ಗಾದಿಯ ಮೇಲೆ ಅಂಗಾತ ಬಿದ್ದಿರುತ್ತದೆ. ಕಾಕಾ ಒಂದು ಕಡೆ, ಗಿರಾಕಿ ಎದುರಿಗೆ. ಗಿರಾಕಿಗೆ ಟ್ಯಾಬ್ ತಲೆಕೆಳಗು. ಹೀಗಾಗಿ ಟ್ಯಾಬ್ ಕಾಕಾನದು, ಟಿವಿ ಗಿರಾಕಿಯದು. ಟಿವಿಯಲ್ಲಿ ಬಟನ್ ಒಂದೂ ಬೇಡ. ಸೀರೆ, ದಡಿಯ ಹೆಸರು, ದರ, ಅಷ್ಟೇ. ಅಕ್ಷರ ಎಂಟು ಹತ್ತು ಅಡಿ ದೂರದಿಂದ ಓದುವಷ್ಟು ದೊಡ್ಡದು. ಅಂಗಾತ ಇಟ್ಟ ಟ್ಯಾಬ್‌ಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಸ್ಕ್ರೀನ್ ಗರಗರ ತಿರುಗುತ್ತಿತ್ತು. ಆಟೋ ರೊಟೇಟ್ ಬಂದ್ ಮಾಡಿ ಅಡ್ಡಕ್ಕೆ ಲಾಕ್ ಮಾಡಿದೆ.

ಸೀರೆಯ ಉದ್ದ ಅಗಲ 216ಕ್ಕೆ 48, ಅಂದರೆ ನಾಲ್ಕೂವರೆಗೆ ಒಂದು. ಸೀರೆಯ ಉದ್ದವನ್ನು ಪರದೆಯ ಉದ್ದ ಬದಿಗೆ ಹೊಂದಿಸು ಅನ್ನುವುದು ಮೊದಲ ನಿಯಮ. ಟಿವಿಯಲ್ಲಿ ಸೀರೆ ಅಡ್ಡ ಮಲಗುತ್ತದೆ, 1,920ಕ್ಕೆ 426 ಪಿಕ್ಸೆಲ್ ಎತ್ತರ. ಉಳಿದ ಜಾಗದಲ್ಲಿ ದಡಿ ಮತ್ತು ಒಡಲಿನ ಸ್ವಲ್ಪ ಭಾಗ, ನಿಜ ಅಳತೆಯಲ್ಲಿ. ಫೋನಿನಲ್ಲಿ ಸೀರೆ ನೆಟ್ಟಗೆ ನಿಲ್ಲುತ್ತದೆ, ಎಡಕ್ಕೆ ಸುಮಾರು 140 ಪಿಕ್ಸೆಲ್ ಅಗಲ. ಬಲಕ್ಕೆ ಬಣ್ಣದ ತುಣುಕುಗಳು, ಹೆಬ್ಬೆರಳು ಮುಟ್ಟುವ ಕಡೆ. ಟ್ಯಾಬ್‌ನಲ್ಲಿ ಮೇಲೆ ಸೀರೆ, ಕೆಳಗೆ ಒಡಲು, ದಡಿ, ಸೆರಗು ಅಂತ ಮೂರು ತಟ್ಟೆ. ಇದನ್ನು ಕಂಟೇನರ್ ಕ್ವೆರಿಯಲ್ಲಿ ಬರೆದೆ. ಪರದೆ ಎಷ್ಟು ಅಗಲ ಅಂತ ಕೇಳುವುದರ ಬದಲು, ಈ ತಟ್ಟೆಗೆ ಎಷ್ಟು ಜಾಗ ಸಿಕ್ಕಿದೆ ಅಂತ ಕೇಳಬಹುದು. 2023ರಿಂದ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ಇದೆ. ಫೋನಿನ ಎತ್ತರಕ್ಕೆ 100 ವಿಎಚ್ (ಪರದೆಯ ಪೂರ್ತಿ ಎತ್ತರ) ಹಾಕಿದ್ದೆ, ವಿಳಾಸದ ಪಟ್ಟಿ ಬಂದಾಗ ಕೆಳಗಿನ ಸಾಲು ಮುಚ್ಚಿಹೋಗುತ್ತಿತ್ತು. ಆಗ ಉಳಿದ ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಡಿವಿಎಚ್‌ಗೆ ಬದಲಿಸಿದೆ.

ನಿಜ ಅಳತೆಯ ಬಗ್ಗೆ ಒಂದು ಮಾತು. ಬ್ರೌಸರ್‌ನ ಇಂಚು ನಿಜವಾದ ಇಂಚಲ್ಲ, ಯಾವ ಪರದೆಯಾದರೂ 96 ಪಿಕ್ಸೆಲ್ ಅಂತ ಹಿಡಿಯುತ್ತದೆ. ನಾಲ್ಕು ಇಂಚಿನ ದಡಿ ಟಿವಿಯಲ್ಲಿ ಏಳು ಇಂಚು ದಾಟಿತ್ತು. ಫೋನು, ಟ್ಯಾಬ್‌ಗೆ ಎಟಿಎಂ ಕಾರ್ಡಿನ ಉಪಾಯ ಮಾಡಿದೆ. ಕಾರ್ಡಿನ ಉದ್ದ 85.6 ಮಿಲಿಮೀಟರ್, ಯಾವ ಬ್ಯಾಂಕಿನದಾದರೂ ಅಷ್ಟೇ. ಪರದೆಗೆ ಕಾರ್ಡ್ ಹಿಡಿದು, ಚಿತ್ರದ ಚೌಕ ಅದಕ್ಕೆ ಸರಿಯಾಗುವ ತನಕ ಎಳೆದರೆ ಆಯಿತು, ಫೋನು ನೆನಪಿಟ್ಟುಕೊಳ್ಳುತ್ತದೆ. ಟಿವಿಗೆ ಕಾಕಾನ ಗಜಕಡ್ಡಿ ಹಿಡಿದೆವು.

ಕನ್ನಡ ಅಕ್ಷರದ ಕೆಲಸ ಚಿಕ್ಕದು, ಆದರೆ ಬೇಕಾದ್ದು. ಸಾಲಿನ ಎತ್ತರ 1.2 ಇದ್ದಾಗ “ಚಿಕ್ಕಿ ಪರಾಸ” ಅನ್ನುವ ದಡಿಯ ಹೆಸರಿನಲ್ಲಿ ಒತ್ತು ಬಟನ್ನಿನ ಅಂಚಿಗೆ ಕತ್ತರಿಸಿ ಹೋಗುತ್ತಿತ್ತು. 1.6 ಮಾಡಿದೆ. ಬಟನ್‌ಗೆ ಗೊತ್ತುಮಾಡಿದ ಅಗಲ ಕೊಡುವುದನ್ನೇ ಬಿಟ್ಟೆ. ಕೆಂಪಿನಲ್ಲೇ ಐದಾರು ಬಗೆ ಇದ್ದಾವೆ. ಗಿರಿ ಕುಂಕುಮ, ದಾಳಿಂಬರಿ ಕೆಂಪು ಪಕ್ಕಪಕ್ಕ ಇಟ್ಟರೆ ಟ್ಯಾಬ್‌ನಲ್ಲಿ ಗುರುತು ಹತ್ತುವುದಿಲ್ಲ. ಪ್ರತಿ ತುಣುಕಿನ ಮೇಲೆ ಕಾಕಾನ ನೂಲಿನ ಪುಸ್ತಕದ ನಂಬರ್ ಬರೆದೆ. ಈಗ ಕೆಲಸದ ಹುಡುಗರು ನಂಬರ್ ಹೇಳಿಯೇ ಆರಿಸುತ್ತಾರೆ.

ಹಂತ 7: ಒಂದು ಒತ್ತಿದರೆ ಇನ್ನೊಂದು ಬದಲಾಗುವುದು

ಚಿತ್ರ ಕಳಿಸುವುದಿಲ್ಲ, ಆಯ್ಕೆ ಮಾತ್ರ ಕಳಿಸುತ್ತೇನೆ. ಪೈ ಒಳಗೇ ನೋಡ್ ಜೆಎಸ್‌ನಲ್ಲಿ ಬರೆದ ಚಿಕ್ಕ ಸರ್ವರ್, ಪರದೆಗಳ ನಡುವೆ ಸದಾ ತೆರೆದ ಸಂಪರ್ಕಕ್ಕೆ ವೆಬ್‌ಸಾಕೆಟ್. ಒಡಲು, ದಡಿ, ಸೆರಗಿನ ನಂಬರ್, ಯಾವ ಕಡೆ ನೋಡುತ್ತಿದ್ದೇವೆ ಅನ್ನುವುದು, ಎಲ್ಲ ಸೇರಿ 200 ಬೈಟ್ ಒಳಗೆ. ಬಿಡಿಸುವುದು ಆಯಾ ಪರದೆಯೇ. ಹೀಗಾಗಿ ತಡ ಇಲ್ಲ, ವಾಟ್ಸಾಪ್ ಇಣುಕುವುದೂ ಇಲ್ಲ.

ಬೆರಳು ಎಳೆದಾಗ ಮಾತ್ರ ಟಿವಿ ಹಿಂದೆ ಬೀಳುತ್ತಿತ್ತು. ಟ್ಯಾಬ್ ಎಲ್ಲ ನಡುವಿನ ಸ್ಥಿತಿಗಳನ್ನೂ ಕಳಿಸುತ್ತಿತ್ತು, ಟಿವಿ ಒಂದೊಂದನ್ನೂ ಬಿಡಿಸುತ್ತಾ ಕೂರುತ್ತಿತ್ತು. ಸೆಕೆಂಡಿಗೆ 20ಕ್ಕೆ ಇಳಿಸಿದೆ. ಟಿವಿ ಕಡೆ ಕೊನೆಯದನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಎಸೆಯುವ ಹಾಗೆ ಮಾಡಿದೆ.

ಗಿರಾಕಿಯ ಫೋನಿಗೆ ಅಂಗಡಿಯ ವೈಫೈ ಕೊಡಲು ಕಾಕಾ ಒಪ್ಪಲಿಲ್ಲ. ಅದೂ ಸರಿಯೇ. ಪುಟದ ಇನ್ನೊಂದು ಪ್ರತಿ ಇಂಟರ್ನೆಟ್‌ನಲ್ಲಿ ಇಟ್ಟೆ. ಆಯ್ಕೆ ನಾಲ್ಕೈದು ನಂಬರ್ ಅಷ್ಟೇ ಆದ್ದರಿಂದ ಲಿಂಕ್ ಒಳಗೇ ಸೇರಿಕೊಳ್ಳುತ್ತದೆ. ಏನನ್ನೂ ಎಲ್ಲೂ ಸೇವ್ ಮಾಡಬೇಕಿಲ್ಲ. ಆ ಲಿಂಕನ್ನು ಅವ್ವನಿಗೆ, ಅತ್ತೆಗೆ ಕಳಿಸಿ “ಇದು ಹೇಗಿದೆ” ಅಂತ ಕೇಳುವುದೇ ಈಗ ಜಾಸ್ತಿ ನಡೆಯುವ ಕೆಲಸ.

ಟ್ಯಾಬ್ ಆರದ ಹಾಗೆ ಮಾಡುವ ವೇಕ್ ಲಾಕ್ ಅಂಗಡಿಯಲ್ಲಿ ಕೆಲಸ ಮಾಡಲಿಲ್ಲ. ಅದಕ್ಕೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಬೇಕು, ಪೈ ಪುಟ ಬರೀ ಎಚ್‌ಟಿಟಿಪಿ. ಡೆವಲಪರ್ ಆಪ್ಷನ್‌ನಲ್ಲಿ ಚಾರ್ಜ್ ಆಗುವಾಗ ಎಚ್ಚರ ಇರು ಅಂತ ಹಾಕಿ ಬಿಟ್ಟೆ. ಕರೆಂಟ್ ಹೋಗಿ ಬಂದು ಪೈನ ಮೆಮೊರಿ ಕಾರ್ಡ್ ಒಂದು ಸಲ ಕೆಟ್ಟಿತು. ಪೈನ ಸೆಟ್ಟಿಂಗ್ ಆದ ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಹಾಕಿದ ಮೇಲೆ ಕಾರ್ಡಿಗೆ ಬರೆಯುವುದೇ ನಿಂತಿದೆ, ತೊಂದರೆಯೂ ನಿಂತಿದೆ.

ಹಂತ 8: ಬಣ್ಣ

ಇದು ಅರ್ಧ ಗೆದ್ದದ್ದು. ಟಿವಿ ವಿವಿಡ್ ಮೋಡ್‌ನಲ್ಲಿದ್ದಾಗ ಗಿರಿ ಕುಂಕುಮ ಕಿತ್ತಳೆಯಾಗಿತ್ತು. ಮೂವಿ ಮೋಡ್‌ಗೆ ತಂದು, ಬಣ್ಣ ಸರಿ ಹೊಂದಿಸುವ ಬೂದು ಕಾರ್ಡ್ ಇಟ್ಟು ನೂಲಿನ ಫೋಟೋಗಳನ್ನು ಮತ್ತೆ ತೆಗೆದೆ. ಟಿವಿ ಮತ್ತು ಟ್ಯಾಬ್ ಈಗ ಹತ್ತಿರ ಹತ್ತಿರ ಇವೆ. ಗಿರಾಕಿಯ ಫೋನು ನನ್ನ ಕೈಯಲ್ಲಿಲ್ಲ. ಕೆಲವರ ಫೋನಿನಲ್ಲಿ ರಾತ್ರಿಯ ಹಳದಿ ಫಿಲ್ಟರ್ ಸದಾ ಹಾಕಿಯೇ ಇರುತ್ತದೆ. ಲಿಂಕ್ ತೆರೆದಾಗ ಕೆಳಗೆ “ಬಣ್ಣ ನೂಲು ನೋಡಿ ಖಾತ್ರಿ ಮಾಡಿಕೊಳ್ಳಿ” ಅಂತ ಒಂದು ಸಾಲು, ನೂಲಿನ ನಂಬರ್ ಸಮೇತ. ಅಂಗಡಿಗೆ ಬಂದವರು ಹೇಗೂ ಸೀರೆಯನ್ನು ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ನೋಡಿಯೇ ಒಪ್ಪುತ್ತಾರೆ. ಆ ಪರೀಕ್ಷೆಗೆ ಯಾವ ಪರದೆಯೂ ಸಾಟಿ ಅಲ್ಲ, ಪೈಪೋಟಿ ಮಾಡುವುದಕ್ಕೂ ಹೋಗಿಲ್ಲ.

ಖರ್ಚು

ಪೈ 4, 2 ಜಿಬಿಯದು: 4,800 ರೂಪಾಯಿ. ಅಡಾಪ್ಟರ್, ಕಾರ್ಡ್, ಮೈಕ್ರೋ ಎಚ್‌ಡಿಎಂಐ ವೈರ್: 1,600. ಸೆಕೆಂಡ್ ಹ್ಯಾಂಡ್ ಟ್ಯಾಬ್: 7,000. ಗೋಡೆಯ ಬ್ರಾಕೆಟ್: 600. ಬೂದು ಕಾರ್ಡ್ 350, ಎಳೆ ಎಣಿಸುವ ಗಾಜು 250. ಒಟ್ಟು 14,600. ಟಿವಿ ಮೊದಲೇ ಇತ್ತು.

ಬಾಕಿ

ಎಲ್ಲರೂ ಕೇಳುವುದು “ಉಟ್ಟಂಗ ತೋರಸ್ರಿ” ಅಂತ. ನೆರಿಗೆ ಹಾಕಿದ 3ಡಿ ಆಕಾರದ ಮೇಲೆ ಸೀರೆ ಹೊದಿಸಿ ನೋಡಿದೆ. ಟ್ಯಾಬ್‌ನಲ್ಲಿ ನಡೆಯುತ್ತದೆ, ಪೈನಲ್ಲಿ ತಿರುಗಿಸಿದರೆ ತಡವರಿಸುತ್ತದೆ. ಸದ್ಯಕ್ಕೆ ಟಿವಿಯಲ್ಲಿ ತಿರುಗದ ಒಂದೇ ಭಂಗಿ ಇಟ್ಟಿದ್ದೇನೆ.

ಕಾಕಾ ಕೇಳಿರುವುದು ಬೇರೆ: ಸೀರೆ ಪಕ್ಕದಲ್ಲಿ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಇಟ್ಟು ತೋರಿಸಬೇಕು. ಖಣದಲ್ಲಿ ಚಿತ್ತಾರ ನೇಯ್ಗೆಯಲ್ಲೇ ಏಳುತ್ತದೆ, ಒಂದು ಮೇಲೆ ಒಂದು ಕೆಳಗೆ ಅನ್ನುವ ಲೆಕ್ಕ ಅಲ್ಲಿ ಸಾಲದು. ಯಾವ ಎಳೆ ಎಲ್ಲಿ ಮೇಲೆ ಅಂತ ಒಂದೊಂದು ಚೌಕವನ್ನೂ ಬರೆದಿಡಬೇಕು. ಒಂದು ಖಣ ತಂದು ಗಾಜಿಟ್ಟು ಗ್ರಾಫ್ ಹಾಳೆಯಲ್ಲಿ ತುಂಬಿಸಲು ಶುರು ಮಾಡಿದ್ದೇನೆ. ಒಂದು ಚಿತ್ತಾರ ಮುಗಿದರೆ ಶೇಡರ್‌ಗೆ ಮೂರನೇ ಟೆಕ್ಸ್‌ಚರ್ ಆಗಿ ಸೇರಿಸಿ, ಮೊದಲು ಕಾಕಾನ ಫೋನಿನಲ್ಲೇ ಓಡಿಸಿ ನೋಡುವುದು.